ಅತ್ತೆ ಕರೆದರು, ನರಿ ಬಂತು

ನಮ್ಮತ್ತೆ ಮಾಡಿದ ಕೋಡುಬಳೆ ಒಬ್ಬ ದಂತವೈದ್ಯರ ಹಲ್ಲು ಮುರಿದುಹಾಕಿತು. ಅದೂ ಎಂಥ ಹೊತ್ತಿನಲ್ಲಿ? ನೆದರ್ಲ್ಯಾಂಡ್ಸಿನ ಹಲ್ಲಿನ ಡಾಕ್ಟರುಗಳೆಲ್ಲ ಕೊರೊನಾಗೆ ಹೆದರಿ ಕ್ಲಿನಿಕ್ಕಿಗೆ ಬೀಗ ಹಾಕಿಕೊಂಡು ಮನೆಯಲ್ಲಿ ಕೂತಿದ್ದ ಹೊತ್ತಿನಲ್ಲಿ.

ತಪ್ಪು ಕೋಡುಬಳೆಯದಲ್ಲ ಎಂದು ಅತ್ತೆ ಇವತ್ತಿಗೂ ವಾದಿಸುತ್ತಾರೆ. "ಹದವಾಗೇ ಇತ್ತು ಕಣೇ ರೂಪಾ. ಅವರಿಗೆ ತಿನ್ನೋಕೆ ಬರಲ್ಲ, ಅಷ್ಟೇ." ಇರಬಹುದು. ಆ ಮನುಷ್ಯ ಅದನ್ನು ಬಿಸ್ಕತ್ತು ಎಂದುಕೊಂಡು ಮುಂದಿನ ಹಲ್ಲಿನಲ್ಲಿ ಕಚ್ಚಿದ್ದರು. (ಕೋಡುಬಳೆಯನ್ನು ಕೈಯಲ್ಲಿ ಮುರಿದು ದವಡೆಗೆ ಹಾಕಿಕೊಳ್ಳಬೇಕು ಎಂದು ಅವರಿಗೆ ಹೇಳಿಕೊಡಬೇಕಿತ್ತು. ಆದರೆ ಒಂದೂವರೆ ಮೀಟರ್ ದೂರದಿಂದ ಡಬ್ಬಿ ಇಟ್ಟು ಓಡಿ ಬರುವ ಕಾಲದಲ್ಲಿ ಪಾಠ ಮಾಡಲು ಸಮಯವೆಲ್ಲಿ?)

ಆ ಒಂದು ಹಲ್ಲಿನ ದೆಸೆಯಿಂದ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ನಮ್ಮತ್ತೆ ಬೇಟೆಗೆ ಹೊರಡುವಂತಾಯಿತು. ನರಿ ಬೇಟೆಗೆ.

ಮೊದಲು ಜನರ ಪರಿಚಯ ಮಾಡಿಬಿಡುತ್ತೇನೆ. ಹಲ್ಲು ಕಳೆದುಕೊಂಡವರು ವಿಮ್. ವೆಲ್ಡ್‌ಹೋವನ್ ಎಂಬ ಡಚ್ ಊರಿನಲ್ಲಿ ನಮ್ಮ ಪಕ್ಕದ ಮನೆಯವರು, ನಿವೃತ್ತ ದಂತವೈದ್ಯರು. ಕೆಲಸದಲ್ಲಿದ್ದಷ್ಟು ಕಾಲ ಬೇರೆಯವರ ಬಾಯಿ ನೋಡಿಕೊಂಡಿದ್ದರು. ರಿಟೈರ್ ಆದ ಮೇಲೆ ತಮ್ಮ ಬಾಯಿಯನ್ನು ಕೆಲಸಕ್ಕೆ ಹಚ್ಚಿದರು. ಹೇಗೆ ಅಂತೀರಾ? ಬಾಯಲ್ಲಿ ಇಲಿಯಂತೆ ಕಿಚಗುಟ್ಟಿ ನರಿಗಳನ್ನು ಕರೆಯುತ್ತಾರೆ. ಬಂದ ನರಿಗೆ ಗುಂಡು ಹೊಡೆಯುತ್ತಾರೆ. ಲೈಸೆನ್ಸ್ ಇದೆ, ಪರೀಕ್ಷೆ ಪಾಸು ಮಾಡಿದ್ದಾರೆ, ಎಲ್ಲ ಕಾನೂನು ಪ್ರಕಾರವೇ.

ಅತ್ತೆ ಮೈಸೂರಿನವರು. ಹೆಸರು ನಾಗರತ್ನ. ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ, "ಟುಲಿಪ್ ನೋಡ್ಕೊಂಡು, ಯುಗಾದಿ ನಿಮ್ಮಲ್ಲೇ ಮಾಡಿ ಹೊರಟುಬಿಡ್ತೀನಿ" ಎಂದು ಬಂದರು. ಟುಲಿಪ್ ತೋಟ ಬಾಗಿಲು ತೆರೆಯಲೇ ಇಲ್ಲ. ಯುಗಾದಿಯೇನೋ ಬಂತು. ಅಷ್ಟರಲ್ಲಿ ವಿಮಾನಗಳು ನಿಂತುಹೋದವು.

ಬೇರೆ ಸಮಯವಾಗಿದ್ದರೆ ಅತ್ತೆ ಇನ್ನೆರಡು ತಿಂಗಳು ಖುಷಿಯಾಗಿಯೇ ಇರುತ್ತಿದ್ದರೇನೋ. ಆದರೆ ಮೈಸೂರಿನಲ್ಲಿ ಮಗಳು ದೀಪಾ, ಅಂದರೆ ನನ್ನ ನಾದಿನಿ, ಬಸುರಿ. ಚೊಚ್ಚಲು. ಆಗಲೇ ತವರಿಗೆ ಬಂದು ಕೂತಿದ್ದಾಳೆ. ತವರಿನಲ್ಲಿ ತಾಯಿಯೇ ಇಲ್ಲ! ಇರುವವರು ನಮ್ಮ ಮಾವ. ಮಾವ ದೇವರಂಥವರು. ಆದರೆ ಅವರಿಗೆ ಬರುವ ಏಕೈಕ ಅಡುಗೆ ಕಾಫಿ. ಅದಕ್ಕೂ ಡಿಕಾಕ್ಷನ್ ಯಾರಾದರೂ ಇಳಿಸಿಕೊಡಬೇಕು.

"ಚೊಚ್ಚಲ ಬಾಣಂತನಕ್ಕೆ ಅಮ್ಮ ಇಲ್ಲ ಅಂದ್ರೆ ಏನೇ ಅರ್ಥ?" ಎಂದು ಅತ್ತೆ ದಿನವೂ ಕೇಳುತ್ತಿದ್ದರು. ವಿಶೇಷ ವಿಮಾನ ಬಿಡುತ್ತಾರಂತೆ, ಹೆಸರು ಕೊಟ್ಟಿದ್ದೇವೆ, ಕಾಯಬೇಕು. ಅಷ್ಟೇ ಹೇಳಲು ಸಾಧ್ಯವಿತ್ತು. ಅದನ್ನೇ ಎಷ್ಟು ಸಲ ಹೇಳುವುದು?

ಇಲ್ಲಿನ ಲಾಕ್‌ಡೌನಿಗೆ 'ಇಂಟೆಲಿಜೆಂಟ್ ಲಾಕ್‌ಡೌನ್' ಎಂದು ಹೆಸರಿಟ್ಟಿದ್ದರು. ಹೊರಗೆ ಓಡಾಡಬಹುದು, ಆದರೆ ದೂರ ನಿಲ್ಲಬೇಕು. ಮನೆಗೆ ಮೂರು ಜನರಿಗಿಂತ ಹೆಚ್ಚು ಕರೆಯಬಾರದು. ಕರೆಯುವುದೇ ಕಸುಬಾಗಿರುವ ನಮ್ಮಂಥವರಿಗೆ ಇದೆಂಥ ಶಿಕ್ಷೆ ಗೊತ್ತೇ? ಅತ್ತೆ ಬಂದ ಹೊಸತರಲ್ಲಿ ವಾರಕ್ಕೊಮ್ಮೆ ಯಾರಾದರೂ ಕನ್ನಡದವರು ಮನೆಯಲ್ಲಿರುತ್ತಿದ್ದರು. ಆಮೇಲೆ ಬಾಗಿಲು ಬಡಿಯುವವನು ಪಾರ್ಸೆಲ್ಲಿನವನೊಬ್ಬನೇ. ಅವನೂ ಬೆಲ್ ಒತ್ತಿ ಓಡುತ್ತಿದ್ದ.

ಹಾಗಾಗಿ ಅತ್ತೆ ಎರಡು ಕೆಲಸ ಹಚ್ಚಿಕೊಂಡರು. ಒಂದು, ಗಂಟೆಗೊಮ್ಮೆ ದೀಪಾಗೆ ವಿಡಿಯೋ ಕಾಲ್ ಮಾಡಿ "ತಿಂದ್ಯಾ? ಮಲಗಿದ್ಯಾ? ಎದ್ಯಾ?" ಎಂದು ಕೇಳುವುದು. (ಕೊನೆಕೊನೆಗೆ ಅವಳು ಫೋನ್ ಎತ್ತುವುದನ್ನೇ ಬಿಟ್ಟಳು.) ಎರಡು, ಫೋನಿನಲ್ಲಿ ನ್ಯೂಸ್ ನೋಡುತ್ತ ಲೊಚಗುಟ್ಟುವುದು. ಬೆಳಿಗ್ಗೆ ಇಟಲಿಗೆ ಲೊಚ್ ಲೊಚ್. ಮಧ್ಯಾಹ್ನ ನ್ಯೂಯಾರ್ಕಿಗೆ. ಸಂಜೆ ಕಾಫಿಯ ಜೊತೆ ಬೆಂಗಳೂರಿಗೆ, ಸ್ವಲ್ಪ ಜೋರಾಗಿ.

ಇಂಥದ್ದರಲ್ಲಿ ಒಂದು ದಿನ ವಿಮ್ ಹಿತ್ತಲಿನ ಬೇಲಿಯ ಆಚೆ ನಿಂತು ನಕ್ಕರು. ನಗುವಿನ ನಟ್ಟನಡುವೆ ಒಂದು ಕಿಟಕಿ.

ಕ್ಯಾಪ್ ಹಾಕಿಸಿದ್ದ ಹಲ್ಲು ಅದು. ಈಗ ಕಟ್ಟಿಸಿಕೊಳ್ಳೋಣವೆಂದರೆ ಅವರ ಶಿಷ್ಯರೇ ಕ್ಲಿನಿಕ್ ಮುಚ್ಚಿದ್ದಾರೆ. ತುರ್ತಿದ್ದವರನ್ನು ಮಾತ್ರ ನೋಡುತ್ತಾರಂತೆ. ನಗಲಾಗುವುದಿಲ್ಲ ಎಂಬುದು ತುರ್ತಲ್ಲವಂತೆ. ನಾನು ಸಾರಿ ಕೇಳಿದೆ, ಮತ್ತೆ ಕೇಳಿದೆ. ವಿಮ್‌ಗೆ ನಗುವಿನ ಚಿಂತೆ ಇರಲಿಲ್ಲ, ನರಿಯ ಚಿಂತೆ.

ಊರಾಚೆ ಅವರ ಸ್ನೇಹಿತನೊಬ್ಬನ ಹುಲ್ಲುಗಾವಲಿದೆ. ಅಲ್ಲಿ ವಸಂತ ಬಂತೆಂದರೆ ಕೀವಿಟ್ ಎಂಬ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. (ತಲೆಯ ಮೇಲೊಂದು ಜುಟ್ಟು ಬಿಟ್ಟರೆ ನಮ್ಮ ಟಿಟ್ಟಿಭದ ದಾಯಾದಿ.) ವರ್ಷವರ್ಷಕ್ಕೂ ಕಡಿಮೆಯಾಗುತ್ತಿವೆ ಎಂದು ಡಚ್ಚರಿಗೆ ಆ ಹಕ್ಕಿಗಳ ಮೇಲೆ ಬಹಳ ಮಮತೆ. ಆ ಸಲ ಒಂದು ನರಿ ಬಂದು ಗೂಡಿನ ಮೇಲೆ ಗೂಡು ಖಾಲಿ ಮಾಡತೊಡಗಿತ್ತು. ವಿಮ್ ಕರೆಯಬೇಕು. ಕರೆಯುವ ಸಣ್ಣ ಸೀಟಿಯನ್ನು ಮುಂದಿನ ಹಲ್ಲುಗಳ ನಡುವೆ ಕಚ್ಚಿ ಹಿಡಿಯಬೇಕು. ಹಲ್ಲೇ ಇಲ್ಲ. ಸೀಟಿ ಬಿಟ್ಟು ಮುಂಗೈಗೆ ತುಟಿ ಒತ್ತಿ ಎಳೆದರೆ ಕಿಟಕಿಯಲ್ಲಿ ಗಾಳಿ ಸೋರುತ್ತದೆ. ಬೇಟೆಗೆ ಜೊತೆಯಾಗುತ್ತಿದ್ದ ಇನ್ನೊಬ್ಬ ಗೆಳೆಯನಿಗೆ ಅಸ್ತಮಾ, ಮನೆ ಬಿಟ್ಟು ಹೊರಗೆ ಬರುವಂತಿಲ್ಲ.

"ಹಲ್ಲು ಹೋಗಿದ್ದು ನಿಮ್ಮ ಮನೆಯಿಂದ. ಬಾಯಿಯೂ ನಿಮ್ಮ ಮನೆಯಿಂದಲೇ ಬರಬೇಕು," ಎಂದರು ವಿಮ್. ತಮಾಷೆಗೆ ಹೇಳಿದ್ದು. ಆದರೆ ನೆರೆಯವರ ಹಲ್ಲು ಮುರಿದವರಿಗೆ ತಮಾಷೆ ಯಾವುದು, ಆಜ್ಞೆ ಯಾವುದು?

ನನ್ನ ಗಂಡ ಶ್ರೀಧರ ತಕ್ಷಣ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡ. ಮೀಟಿಂಗ್ ಇದೆಯಂತೆ. (ಇರಲಿಲ್ಲ. ಸ್ಕ್ರೀನಿನಲ್ಲಿ ಚೆಸ್ ಇತ್ತು.) ಹೀಗೆ ನಾನು ನರಿ ಕರೆಯುವ ವಿದ್ಯೆಗೆ ಸೇರಿಕೊಂಡೆ. ಉಳಿದವರೆಲ್ಲ ಆಗ ಬ್ರೆಡ್ ಮಾಡುವುದು ಕಲಿಯುತ್ತಿದ್ದರು.

ಪಾಠ ಬೇಲಿಯ ಎರಡು ಬದಿಯಲ್ಲಿ ನಡೆಯಿತು. ಮೊದಲನೆಯದು ದನಿ. ಮುಂಗೈಯನ್ನು ತುಟಿಗೆ ಒತ್ತಿಕೊಂಡು ಗಾಳಿಯನ್ನು ಒಳಗೆಳೆಯಬೇಕು. ಅಪಾಯಕ್ಕೆ ಸಿಕ್ಕ ಇಲಿಮರಿಯ ಕೂಗು ಹೊರಡಬೇಕು. ನಾನು ಕೋಣೆ ಕೋಣೆ ತಿರುಗಿ ಅಭ್ಯಾಸ ಮಾಡಿದೆ. ಶ್ರೀಧರನ ಮೀಟಿಂಗಿನಲ್ಲಿ (ಈ ಸಲ ನಿಜವಾದದ್ದು) ಯಾರೋ, "ನಿಮ್ಮ ಮನೆಯಲ್ಲಿ ಯಾರು ಯಾರಿಗೆ ಅಷ್ಟೊಂದು ಮುತ್ತು ಕೊಡುತ್ತಿದ್ದಾರೆ?" ಎಂದು ಕೇಳಿದರಂತೆ. ವಿಮ್ ಕೇಳಿ ನೋಡಿ ತೀರ್ಪು ಕೊಟ್ಟರು: "ಇದು ಇಲಿಯಲ್ಲ, ಸೈಕಲ್ ಪಂಕ್ಚರ್."

ಎರಡನೆಯದು ಗಾಳಿ. ಗಾಳಿ ನಮ್ಮ ಮುಖಕ್ಕೆ ಬೀಸುವಂತೆ ಕೂರಬೇಕು. ಬೆನ್ನಿಗೆ ಬೀಸಿದರೆ ನಮ್ಮ ವಾಸನೆ ನಮಗಿಂತ ಮೊದಲು ನರಿಗೆ ಪರಿಚಯವಾಗುತ್ತದೆ. ಮೂರನೆಯದು ಮುಖ ಮತ್ತು ಕೈ ಮುಚ್ಚಿಕೊಳ್ಳುವುದು, ಅಲ್ಲಾಡದಿರುವುದು. (ಮನುಷ್ಯರಿಗೆ ಮಾಸ್ಕ್ ಬೇಕಿಲ್ಲ ಎಂದು ಆಗ ಇಲ್ಲಿನ ಸರ್ಕಾರ ಹೇಳುತ್ತಿತ್ತು. ನರಿಯ ಎದುರು ಮಾತ್ರ ಕಡ್ಡಾಯ.)

ನಾಲ್ಕನೆಯದೇ ಕಷ್ಟದ್ದು. ಕರೆದು ಸುಮ್ಮನಿರುವುದು. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಕರೆಯುತ್ತಲೇ ಇರುವುದು ಎಂದರು ವಿಮ್. ನಿಜವಾದ ಇಲಿ ಬೆಳಗಿನಿಂದ ಸಂಜೆಯವರೆಗೆ ಕಿರುಚುತ್ತದೆಯೇ? ಸ್ವಲ್ಪ ಕೂಗಿ ನಿಲ್ಲಿಸಬೇಕು. ನರಿಗೆ 'ಏನಾಯಿತು?' ಎಂದು ಕುತೂಹಲ ಹುಟ್ಟಬೇಕು. ಆ ಕುತೂಹಲಕ್ಕೆ ಜಾಗ ಬಿಡಬೇಕು.

ನಾನು ಇದನ್ನೆಲ್ಲ ಕನ್ನಡದಲ್ಲಿ ಅತ್ತೆಗೆ ಹೇಳುತ್ತಿದ್ದೆ. ಅವರು ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕೂತಿದ್ದರು. ಕೇಳಿದಂತೆ ಕಾಣಲಿಲ್ಲ. ಆದರೆ ಆ ದಿನ ದೀಪಾಗೆ ಬೆಳಿಗ್ಗೆ ಒಂದು ಸಲ ಮಾತ್ರ ಫೋನ್ ಮಾಡಿದರು. ಮಧ್ಯಾಹ್ನ ಮಾಡಲಿಲ್ಲ. ಸಂಜೆಯ ಹೊತ್ತಿಗೆ ಅವಳದೇ ಕಾಲ್ ಬಂತು. "ಯಾಕಮ್ಮಾ, ಹುಷಾರಾಗಿದ್ದೀಯಾ? ಫೋನೇ ಮಾಡ್ಲಿಲ್ಲ?" ಅತ್ತೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ವಿಮ್ ಹೇಳಿದ್ದು ಬರೀ ನರಿಗಲ್ಲ ಎಂದು ನನಗೂ ಅನ್ನಿಸಿತು. ನಮ್ಮಲ್ಲಿ ಎಷ್ಟು ಮಂದಿ ಫೋನ್ ಎತ್ತದವರನ್ನು ಮತ್ತೆ ಮತ್ತೆ ಕರೆದು ಇನ್ನಷ್ಟು ದೂರ ಓಡಿಸಿಲ್ಲ, ಹೇಳಿ?

ನನ್ನ ಪಂಕ್ಚರ್ ಮಾತ್ರ ರಿಪೇರಿಯಾಗಲಿಲ್ಲ. ಒಂದು ಮಧ್ಯಾಹ್ನ ಬೇಲಿಯ ಬಳಿ ನಿಂತು ಮುಂಗೈ ಚೀಪುತ್ತಿದ್ದೆ. ಹಿಂದೆ ಅತ್ತೆ ಫೋನಿನಲ್ಲಿ ಯಾವುದೋ ಸುದ್ದಿ ನೋಡುತ್ತಿದ್ದರು. ಮನಸ್ಸಿಗೆ ತಟ್ಟಿರಬೇಕು, ಲೊಚಗುಟ್ಟಿದರು. ಸಣ್ಣಗೆ, ಒದ್ದೆಯಾಗಿ, ಕೊನೆಯಲ್ಲಿ ಎಳೆದು.

ವಿಮ್ ಕತ್ತು ಹೊರಳಿಸಿದರು. ಅವರಿಗಿಂತ ಮೊದಲು ಎದುರು ಮನೆಯ ಕೊಬ್ಬಿದ ಬೆಕ್ಕು ಬೇಲಿ ಹಾರಿ ಬಂದು ಅತ್ತೆಯ ಕಾಲ ಬಳಿ ನಿಂತಿತು. ಯಾರು ಕರೆದರೂ ಬರದ ಬೆಕ್ಕು ಅದು!

"ಇನ್ನೊಂದು ಸಲ ಮಾಡಲು ಹೇಳು," ಎಂದು ವಿಮ್ ಪಿಸುಗುಟ್ಟಿದರು.

"ಏನಂತೆ?" ಎಂದರು ಅತ್ತೆ.

"ನೀವು ಲೊಚಗುಟ್ಟೋದು ತುಂಬಾ ಚೆನ್ನಾಗಿದೆಯಂತೆ ಅತ್ತೆ. ಇಲಿ ಥರಾನೇ ಕೇಳತ್ತಂತೆ. ನರಿ ಕರೆಯೋಕೆ ಬರ್ತೀರಾ ಅಂತ ಕೇಳ್ತಿದ್ದಾರೆ."

ಅತ್ತೆ ಬೈಯುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ನರಿನಾ? ನಿಜವಾದ ನರಿನಾ? ಮುಖ ಕಾಣುತ್ತಾ?"

ಈಗ ನಿಮಗೆ ಅರ್ಥವಾಗಿರಬೇಕು. ಯಾರಿಗಾದರೂ ಲಾಟರಿ ಹೊಡೆದರೆ, ಪ್ರಮೋಷನ್ ಬಂದರೆ, ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕರೂ ಸಾಕು, "ಬೆಳಿಗ್ಗೆ ನರಿ ಮುಖ ನೋಡಿ ಎದ್ದಿದ್ಯೇನೋ?" ಎಂದು ಕೇಳುವ ಜನ ನಾವು. ಕೇಳುತ್ತೇವೆ ಅಷ್ಟೇ. ನೋಡಿದವರು ಯಾರಿದ್ದಾರೆ? ಮೈಸೂರಿನಲ್ಲಿ ಇದ್ದಷ್ಟು ಕಾಲ ಅತ್ತೆ ನೋಡಿದ್ದು ಝೂನಲ್ಲಿ, ಅದೂ ಮಧ್ಯಾಹ್ನ, ಮಲಗಿದ್ದಾಗ.

"ಎದ್ದ ತಕ್ಷಣ ಮೊದಲು ನರಿ ಮುಖವನ್ನೇ ನೋಡಿದ್ರೆ ಪ್ಲೇನಲ್ಲಿ ಸೀಟು ಸಿಗದೇ ಇರತ್ತೇನೇ?" ಎಂದರು. ಅರ್ಧ ತಮಾಷೆಯ ದನಿ. ಇನ್ನರ್ಧ ತಮಾಷೆಯಲ್ಲ ಎಂದು ಅವರ ಕಣ್ಣು ಹೇಳುತ್ತಿತ್ತು. ಬಂದ ದಿನದಿಂದ ಅವರು ಯಾವುದಕ್ಕೂ ಹಠ ಮಾಡಿದವರಲ್ಲ. ದೀಪಾಳ ಬಾಣಂತನಕ್ಕೆಂದು ಬೀರುವಿನಲ್ಲಿ ಮಡಿಸಿಟ್ಟು ಬಂದ ಹಳೆಯ ಕಾಟನ್ ಸೀರೆಗಳ ಮಾತನ್ನೇ ದಿನಾ ಆಡುತ್ತಿದ್ದರು. ನರಿಯೇ ಬೇಕೆಂದರೆ ನರಿಯೇ ಸರಿ.

"ಆದ್ರೆ ಅತ್ತೆ, ನರಿ ಬಂದ ಮೇಲೆ ಅವರು ಗುಂಡು ಹೊಡೀತಾರೆ."

ಅತ್ತೆ ಫೋನ್ ಎತ್ತಿಕೊಂಡು ಒಳಗೆ ಹೋದರು. ಆಮೇಲೆ ನರಿಯ ಮಾತೇ ತೆಗೆಯಲಿಲ್ಲ. ಮುಗಿಯಿತು ಎಂದುಕೊಂಡೆ. ಮಾರನೆಯ ಸಂಜೆ ವಿಮ್ ನಮ್ಮಿಬ್ಬರನ್ನೂ ಹುಲ್ಲುಗಾವಲಿನ ಅಂಚಿಗೆ ಕರೆದುಕೊಂಡು ಹೋಗಿ, ಬೇಲಿಯ ಬುಡದಲ್ಲಿ ಬಿದ್ದಿದ್ದ ಮೊಟ್ಟೆಯ ಚಿಪ್ಪು ತೋರಿಸಿದರು. ಮೇಲೆ ಒಂದು ಕೀವಿಟ್ ಸುತ್ತುತ್ತ ಅರಚುತ್ತಿತ್ತು. ಕೆಳಗಿಳಿಯುವುದು, ಗೂಡಿದ್ದ ಜಾಗ ನೋಡುವುದು, ಮತ್ತೆ ಏಳುವುದು.

ಅತ್ತೆ ಬಹಳ ಹೊತ್ತು ನೋಡಿದರು. "ಪಾಪ, ಅದೂ ತಾಯೀನೇ," ಎಂದರು. ಬರುವ ದಾರಿಯಲ್ಲಿ ತೀರ್ಮಾನವಾಯಿತು. "ಕರೀತೀನಿ. ಮುಖ ನೋಡಿದ ತಕ್ಷಣ ಕಣ್ಣು ಮುಚ್ಕೋತೀನಿ. ಆಮೇಲೆ ಅವರುಂಟು, ನರಿ ಉಂಟು."

ಮೊದಲನೆಯ ಸವಾರಿ ಹೀಗಿತ್ತು. ನಮ್ಮ ಬಳಿ ಒಂದು ಬಾಕ್‌ಫಿಟ್ಸ್ ಇದೆ. ಮುಂದೆ ಮರದ ದೊಡ್ಡ ಪೆಟ್ಟಿಗೆ ಇರುವ ಸೈಕಲ್. ಡಚ್ಚರು ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಾರೆ, ನಾವು ಅಕ್ಕಿ ಮೂಟೆ ತರುತ್ತೇವೆ. ಬೆಳಕು ಹರಿಯುವ ಮೊದಲೇ ಅತ್ತೆಯನ್ನು ಅದರಲ್ಲಿ ಕೂರಿಸಿದೆ. ಸೀರೆ, ಸೀರೆಯ ಮೇಲೆ ಶ್ರೀಧರನ ಜಾಕೆಟ್, ತಲೆಯಿಂದ ಗಲ್ಲದವರೆಗೆ ಶಾಲು. ಬೇರೆ ಯಾರ ಮುಖವೂ ಕಣ್ಣಿಗೆ ಬೀಳಬಾರದಲ್ಲ! ಬಳೆ ತೆಗೆಯಿರಿ, ಸದ್ದಾಗುತ್ತದೆ ಎಂದು ವಿಮ್ ಹೇಳಿ ಕಳಿಸಿದ್ದರು. ಮುತ್ತೈದೆ ಬಳೆ ತೆಗೆಯುವುದುಂಟೇ? ಕರ್ಚೀಫು ಸುತ್ತಿ ಬಿಗಿದರು. ದಾರಿಯಲ್ಲಿ ಪೇಪರ್ ಹಾಕುವ ಹೆಂಗಸು ಸೈಕಲ್ ನಿಲ್ಲಿಸಿ ನಮ್ಮನ್ನೇ ನೋಡಿದಳು. ಮುಖಕ್ಕೆ ಮುಸುಕು ಹಾಕಿದ ಹಿರಿಯರೊಬ್ಬರನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಊರ ಹೊರಗೆ ಹೊರಟ ಸೊಸೆ. ಪೊಲೀಸರಿಗೆ ಫೋನ್ ಮಾಡದೇ ಇದ್ದದ್ದು ಅವಳ ದೊಡ್ಡತನ.

ಆ ದಿನ ನರಿ ಬರಲಿಲ್ಲ. ವಿಮ್ ಮೂಗು ಅರಳಿಸಿ, ನನ್ನ ಕಡೆ ನೋಡಿ, ಶ್ರೀಧರನ ಜಾಕೆಟ್ಟಿನ ಕಡೆ ಕೈ ತೋರಿಸಿದರು. ಆ ಜಾಕೆಟ್ ತೂಗುಹಾಕುವುದು ನಮ್ಮ ಅಡುಗೆಮನೆಯ ಬಾಗಿಲ ಹಿಂದೆ. ಹಿಂದಿನ ದಿನದ ಇಂಗಿನ ಒಗ್ಗರಣೆ, ಅದರ ಹಿಂದಿನ ದಿನದ ಬೆಳ್ಳುಳ್ಳಿ, ಜೊತೆಗೆ ಅತ್ತೆಯ ಮಂಡಿಯ ಮುಲಾಮು. ಗಾಳಿಯೂ ತಿರುಗಿತ್ತು. ಆ ನರಿ ಎಲ್ಲೋ ದೂರದಲ್ಲಿ ಕೂತು, ಇವತ್ತು ನೆದರ್ಲ್ಯಾಂಡ್ಸಿನ ಇಲಿಗಳು ತಿಳಿಸಾರು ಮಾಡಿಕೊಂಡಿವೆ ಎಂದುಕೊಂಡಿರಬೇಕು. ಕಾದು ಕಾದು ಅತ್ತೆ ಶಾಲು ಸರಿಸಿದರೆ ಎದುರಿಗೆ ವಿಮ್, ಕಿಟಕಿಯಿಟ್ಟ ನಗುವಿನೊಂದಿಗೆ.

"ಹೋಯ್ತು ಇವತ್ತಿನ ದಿನ," ಎಂದರು ಅತ್ತೆ.

ಬಟ್ಟೆಗಳನ್ನು ಹೊರಗಿನ ಹಗ್ಗದ ಮೇಲೆ ಹಾಕಿ ಗಾಳಿಯಾಡಿಸಿದೆವು. ಒಗ್ಗರಣೆ ನಿಲ್ಲಿಸಿ ಮೊಸರನ್ನ ತಿಂದೆವು. (ಶ್ರೀಧರನ ದೂರು: ಬೇಟೆಗಾರರ ಮನೆಯಲ್ಲಿ ಇಷ್ಟು ಸಪ್ಪೆ ಊಟ ಎಲ್ಲಾದರೂ ಉಂಟೇ?) ಗಾಳಿ ನೆಟ್ಟಗಿದ್ದ ಇನ್ನೊಂದು ಬೆಳಿಗ್ಗೆ ಮತ್ತೆ ಹೊರಟೆವು.

ಹಳ್ಳದ ಅಂಚಿನಲ್ಲಿ ವಿಮ್ ಬಲೆಯ ಪರದೆ ಕಟ್ಟಿದ್ದರು. ಒಂದು ತುದಿಯಲ್ಲಿ ಕೋವಿ ಹಿಡಿದ ಅವರು. ನಿಯಮದಂತೆ ದೂರ ಬಿಟ್ಟು ಇನ್ನೊಂದು ತುದಿಯಲ್ಲಿ ನಾನು, ಅತ್ತೆ. ಹುಲ್ಲಿನ ಮೇಲೆ ಮಂಜು ಇನ್ನೂ ಕೂತಿತ್ತು. ದೂರದ ಮೋಟರ್‌ವೇಯಲ್ಲಿ ಆ ದಿನಗಳಲ್ಲಿ ಸದ್ದೇ ಇರಲಿಲ್ಲ. ನರಿ ಕಂಡ ತಕ್ಷಣ ಮೊಣಕಾಲು ಮುಟ್ಟುತ್ತೇನೆ, ಆಗ ಶಾಲು ಸರಿಸಿ ಕಣ್ಣು ಬಿಡಿ ಎಂದು ಅತ್ತೆಗೆ ಹೇಳಿದ್ದೆ.

ಅತ್ತೆ ಲೊಚಗುಟ್ಟಿದರು. ನಿಲ್ಲಿಸಿದರು.

ಕಣ್ಣು ಮುಚ್ಚಿ ಕೂತವರು ಅಲ್ಲಾಡುವುದಿಲ್ಲ, ಅತ್ತಿತ್ತ ನೋಡುವುದಿಲ್ಲ, 'ಬಂತಾ ಬಂತಾ' ಎಂದು ಕೇಳುವುದಿಲ್ಲ. ಆಗ ತಿಳಿಯಿತು ನನಗೆ, ಈ ವಿದ್ಯೆಗೆ ಅತ್ತೆಗಿಂತ ತಕ್ಕವರು ಇಲ್ಲವೆಂದು. ಅವರು ಮನಸ್ಸಿನಲ್ಲಿ ಯಾರಿಗಾಗಿ ಲೊಚಗುಟ್ಟುತ್ತಿದ್ದರೋ ಗೊತ್ತಿಲ್ಲ. ದೀಪಾಗೋ, ಬೆಂಗಳೂರಿಗೋ, ತಮಗೋ. ಸುಳ್ಳು ದನಿ ಅದಾಗಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಸಣ್ಣಗೆ ಮಾಡಿದರು. ಮತ್ತೆ ಸುಮ್ಮನಾದರು.

ಆಚೆ ಹುಲ್ಲು ಅಲುಗಿತು. ಎರಡು ಕಿವಿ. ಆಮೇಲೆ ಮುಖ.

ನಾನು ಇಷ್ಟು ಕೆಂಪಾದ ಪ್ರಾಣಿಯನ್ನು ನೋಡಿರಲಿಲ್ಲ. ನಡೆದು ಬಂತು, ನಿಂತಿತು, ಕೇಳಿಸಿಕೊಂಡಿತು. ವಿಮ್ ಕೋವಿಯನ್ನು ನಿಧಾನವಾಗಿ ಭುಜಕ್ಕೇರಿಸಿ ಕಣ್ಣನ್ನು ಅದರ ಮೇಲಿನ ದುರ್ಬೀನಿಗೆ ಇಟ್ಟರು. ನಾನು ಅತ್ತೆಯ ಮೊಣಕಾಲು ಮುಟ್ಟಿದೆ. ಶಾಲು ಸರಿಯಿತು. ನರಿ ನಮ್ಮ ಕಡೆಗೇ ಮುಖ ಮಾಡಿ ನಿಂತಿತ್ತು. ಅತ್ತೆ ನೋಡಿದರು, ಚೆನ್ನಾಗಿಯೇ ನೋಡಿದರು. ಇನ್ನು ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದುಕೊಂಡೆ.

ಅಷ್ಟರಲ್ಲಿ ನರಿ ಅಡ್ಡಕ್ಕೆ ತಿರುಗಿತು. ಹುಲ್ಲು ಗಿಡ್ಡವಾಗಿದ್ದ ಕಡೆ ಬಂದು ನಿಂತಿತು.

"ಅಯ್ಯೋ, ಬೇಡ್ರೀ! ಬೇಡಿ! ಬಾಣಂತಿ ಕಣ್ರೀ ಅದು!"

ಮೈಸೂರಿನ ಮಾರ್ಕೆಟ್ಟಿನಲ್ಲಿ ಆಟೋ ನಿಲ್ಲಿಸುವ ಗಂಟಲು ಅದು. ಹುಲ್ಲುಗಾವಲಿಡೀ ಕೇಳಿಸಿತು. ಹಕ್ಕಿಗಳೆಲ್ಲ ಎದ್ದವು. ಕರ್ಚೀಫು ಬಿಚ್ಚಿ ಬಳೆಗಳು ಝಲ್ ಎಂದವು. ನರಿ ಒಂದು ಕ್ಷಣ ಅತ್ತೆಯ ಮುಖವನ್ನೇ ನೋಡಿ, ಹಳ್ಳ ಹಾರಿ ಮಾಯವಾಯಿತು.

ವಿಮ್ ಕೋವಿ ಇಳಿಸಿದರು. ಬೇಟೆಯಲ್ಲಿ ಕೂಗಿಕೊಳ್ಳುವುದಕ್ಕಿಂತ ದೊಡ್ಡ ಅಪರಾಧವಿಲ್ಲ ಎಂದು ಕಲಿಸಿದ್ದವರು ಅವರು. ನನಗೆ ನಾಚಿಕೆಯಿಂದ ನೆಲಕ್ಕೆ ಇಳಿದುಹೋದಂತಾಯಿತು. ಮೊದಲು ಹಲ್ಲು ಮುರಿದೆವು, ಈಗ ಬೇಟೆ ಕೆಡಿಸಿದೆವು. ಇನ್ನು ಈ ಬೀದಿಯಲ್ಲಿ ಇರುವುದು ಹೇಗೆ?

"ಏನು ಹೇಳಿದರು?" ಎಂದು ಕೇಳಿದರು ವಿಮ್.

ಏನೆಂದು ಹೇಳಲಿ? ಬಾಣಂತಿ ಎನ್ನಲು ಇಂಗ್ಲಿಷಿನಲ್ಲಿ ಒಂದು ನೆಟ್ಟಗಿನ ಮಾತಿದೆಯೇ? ತಡವರಿಸಿದೆ. ಹೆತ್ತು ಕೆಲವೇ ವಾರವಾದವಳು, ಹಾಲೂಡಿಸುವವಳು, ಯಾರೂ ಅವಳ ಗೋಜಿಗೆ ಹೋಗಬಾರದು, ಬೇರೆಯವರೇ ಅವಳನ್ನು ನೋಡಿಕೊಳ್ಳಬೇಕು...

"ಕ್ರಾಮ್‌ವ್ರೌ!" ಎಂದರು ವಿಮ್. ಡಚ್ಚಿನಲ್ಲಿದೆ ಆ ಪದ! ಇರದೇ ಏನು? ಈ ದೇಶದಲ್ಲಿ ಹೆರಿಗೆಯಾದ ಮನೆಗೆ ಒಂದು ವಾರ ದಿನಾ ನರ್ಸ್ ಬಂದು, ಮಗುವಿಗೆ ಸ್ನಾನ ಮಾಡಿಸಿ, ತಾಯಿಗೆ ಊಟ ಬಡಿಸಿ, ಬಂದ ನೆಂಟರನ್ನು ಬೇಗ ಓಡಿಸಿ ಹೋಗುತ್ತಾರೆ.

ಅತ್ತೆ ತಮ್ಮ ಹೊಟ್ಟೆಯ ಕಡೆ ಕೈ ತೋರಿಸಿ, ಬೆರಳುಗಳನ್ನು ಜೋತುಬಿಟ್ಟು ಅಭಿನಯಿಸಿದರು. ನರಿಯ ಮೊಲೆ ಇಳಿದಿತ್ತು, ಹೊಟ್ಟೆಯ ಕೂದಲು ಉದುರಿತ್ತು. ಅವರು ನೋಡಿದ್ದರು. ನಾನು ನೋಡಿರಲಿಲ್ಲ, ನಾನು ವಿಮ್‌ರನ್ನು ನೋಡುತ್ತಿದ್ದೆ. ವಿಮ್ ನೋಡಿರಲಿಲ್ಲ, ಅವರ ದುರ್ಬೀನಿನಲ್ಲಿ ಇದ್ದದ್ದು ನರಿಯ ಎದೆ ಮಾತ್ರ.

ವಿಮ್ ಕೋವಿಯಿಂದ ಗುಂಡು ಹೊರತೆಗೆದು ಜೇಬಿಗೆ ಹಾಕಿಕೊಂಡರು. "ಮರಿಗಳು ಬಿಲದಲ್ಲೇ ಹಸಿದು ಸಾಯುತ್ತಿದ್ದವು," ಎಂದರು. "ಮರಿ ಇರುವ ತಾಯಿಯನ್ನು ಹೊಡೆಯುವುದಿಲ್ಲ ಎಂಬುದು ನನ್ನದೇ ನಿಯಮ. ಮೆವ್ರೌಗೆ ಹೇಳು, ನನ್ನ ನಿಯಮ ನನಗಿಂತ ಮೊದಲು ಅವರು ಪಾಲಿಸಿದರು ಅಂತ." ಅತ್ತೆಯನ್ನು ಅವರು ಕರೆಯುತ್ತಿದ್ದುದು ಹಾಗೆಯೇ, ಮೆವ್ರೌ ಎಂದು. ಮೇಡಂ ಎಂದಂತೆ.

ನಾನು ಹೇಳಿದೆ. ಅತ್ತೆಗೆ ಅಳು ಬಂತು. "ಅದಕ್ಕೆ ಮರಿಗಳ ಹಸಿವು ಕಣೇ. ಅದಕ್ಕೇ ಮೊಟ್ಟೆ ಕದೀತಿದೆ. ಬಾಣಂತಿಗೆ ತಂದು ಹಾಕೋರು ಯಾರೂ ಇಲ್ಲ ಅಂದ್ರೆ ಅವಳು ಇನ್ನೇನು ಮಾಡಬೇಕು?" ಆ ಮಾತು ನರಿಗೆ ಹೇಳಿದ್ದೋ ಮೈಸೂರಿಗೆ ಹೇಳಿದ್ದೋ ಎಂದು ನಾನು ಕೇಳಲಿಲ್ಲ. ಅವರ ಕೈ ಹಿಡಿದುಕೊಂಡು ಕೂತೆ. ವಿಮ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಕಪ್ಪನ್ನು ಹುಲ್ಲಿನ ಮೇಲಿಟ್ಟು ಹಿಂದೆ ಸರಿದರು.

ಹಾಗಾದರೆ ಹಕ್ಕಿಗಳ ಗತಿ? ಆ ವಾರವೇ ವಿಮ್ ಮತ್ತು ಹುಲ್ಲುಗಾವಲಿನ ಯಜಮಾನನಾದ ಅವರ ಸ್ನೇಹಿತ, ಉಳಿದ ಗೂಡುಗಳಿದ್ದ ಜಾಗದ ಸುತ್ತ ಸಣ್ಣಗೆ ಕರೆಂಟು ಹರಿಯುವ ತಂತಿ ಎಳೆದರು. ದನ ಕಾಯಲು ಹಾಕುವಂಥದ್ದು. ಮುಟ್ಟಿದರೆ ಚುರುಕ್ ಎನ್ನುತ್ತದೆ, ಸಾಯುವುದಿಲ್ಲ. ಗೂಟ ಹೊಡೆದವಳು ನಾನು. ಮೇಲ್ವಿಚಾರಣೆ, ಬಾಕ್‌ಫಿಟ್ಸಿನಲ್ಲಿ ಕೂತು, ಅತ್ತೆಯದು. ಎಲ್ಲ ಗೂಡೂ ಉಳಿಯಲಿಲ್ಲ. ಆದರೂ ಕಡ್ಡಿ ಕಾಲಿನ ಮರಿಗಳು ಹುಲ್ಲಿನಲ್ಲಿ ಓಡಾಡಿದ್ದನ್ನು ನಾವೇ ಕಣ್ಣಾರೆ ನೋಡಿದೆವು.

ಮತ್ತೆ ಸೀಟು? ಸಿಕ್ಕಿತು! ಮಾರನೆಯ ದಿನವೇ ಅಲ್ಲ, ಮುಂದಿನ ವಾರವೂ ಅಲ್ಲ. ಆದರೆ ಸಿಕ್ಕಿತು. ತಾನು ಬಿಡದೆ ಫೋನ್ ಮಾಡಿದ್ದರಿಂದ ಸಿಕ್ಕಿತು ಎಂದು ಶ್ರೀಧರ ಹೇಳುತ್ತಾನೆ. ಅತ್ತೆ ನಗುತ್ತಾರೆ. ಬೆಂಗಳೂರಿನ ಹೋಟೆಲಿನಲ್ಲಿ ಕ್ವಾರಂಟೈನ್ ಕೂತಿದ್ದಾಗಲೇ ದೀಪಾಗೆ ಹೆಣ್ಣು ಮಗುವಾಯಿತು. ಅತ್ತೆ ಮೊಮ್ಮಗಳ ಮೊದಲ ಅಳುವನ್ನು ಫೋನಿನಲ್ಲೇ ಕೇಳಿದರು. ಆದರೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತಿಗೆ ಮೈಸೂರು ತಲುಪಿದ್ದರು. ಬೀರುವಿನ ಕಾಟನ್ ಸೀರೆಗಳು ಹೊರಬಂದವು. 'ಇನ್ನು ಯೋಚನೆ ಇಲ್ಲ, ಡಿಕಾಕ್ಷನ್ ಬಂತು' ಎಂದು ಮಾವ ನನಗೆ ವಾಟ್ಸಾಪ್ ಮಾಡಿದರು.

ವಿಮ್‌ಗೆ ಹೊಸ ಹಲ್ಲು ಬಂದಿದೆ. ಮಗುವಿನ ಸುದ್ದಿ ಕೇಳಿ ಒಂದು ಪೊಟ್ಟಣ ತಂದುಕೊಟ್ಟರು. ಸೋಂಪಿನ ಕಾಳಿಗೆ ಸಕ್ಕರೆ ಸುತ್ತಿದ ಗುಲಾಬಿ, ಬಿಳಿ ಮಿಠಾಯಿ. ಇಲ್ಲಿ ಮಗು ಹುಟ್ಟಿದರೆ ರಸ್ಕಿನ ಮೇಲೆ ಬೆಣ್ಣೆ ಸವರಿ, ಇದನ್ನು ಉದುರಿಸಿ ಹಂಚುತ್ತಾರೆ. ಹೆಸರೇನು ಗೊತ್ತೇ? ಪುಟ್ಟ ಇಲಿಗಳು! ಜೊತೆಗೆ ಕೋಡುಬಳೆಯ ಡಬ್ಬಿಯನ್ನು ತೊಳೆದು ವಾಪಸು ಕೊಟ್ಟರು. ಕೊಡುವ ಮೊದಲು ಖಾಲಿ ಡಬ್ಬಿಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದರು. ಮತ್ತೆ ಬೇಕೇನೋ ಪಾಪ.

ಮೊನ್ನೆ ವಿಡಿಯೋ ಕಾಲಿನಲ್ಲಿ ಅತ್ತೆ ತೋರಿಸಿದರು. ಮಗು ಅಳುತ್ತಿರುವಾಗ ಅವರು ಸಣ್ಣಗೆ ಲೊಚಗುಟ್ಟಿ ನಿಲ್ಲಿಸುತ್ತಾರೆ. ಅದು ಅಳು ನಿಲ್ಲಿಸಿ ಕತ್ತು ಹೊರಳಿಸುತ್ತದೆ. ಪ್ರತಿ ಸಲವೂ. "ಮುಂದಿನ ವಸಂತಕ್ಕೆ ಬರ್ತೀರಾ ಅಂತ ವಿಮ್ ಕೇಳಿದ್ರು," ಎಂದೆ. "ಬರ್ತೀನಿ ಅಂತ ಹೇಳು. ಕೋವಿ ಮನೇಲೇ ಬಿಟ್ಟು ಬರೋಕೆ ಹೇಳು," ಎಂದರು.

ಆಮೇಲೆ ಎಂದಿನಂತೆ, ನರಿ ಮುಖ ನೋಡಿದ್ದಕ್ಕೇ ಸೀಟು ಸಿಕ್ಕಿದ್ದು, ನೋಡಿದ್ದಕ್ಕೇ ಹೆರಿಗೆ ಸಲೀಸಾಗಿದ್ದು ಎಂದು ಶುರು ಮಾಡಿದರು. ನಾನು ಎದುರಾಡಲಿಲ್ಲ. ಆದರೆ ಫೋನ್ ಇಟ್ಟ ಮೇಲೆ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ಅತ್ತೆ ನರಿ ಮುಖ ನೋಡಿದರು, ಸರಿ. ಗುಂಡಿನ ಎದುರು ನಿಂತೂ ಬದುಕಿ ಮರಿಗಳ ಬಳಿ ಓಡಿದ ಆ ನರಿ, ಆ ಬೆಳಿಗ್ಗೆ ಯಾರ ಮುಖ ನೋಡಿತ್ತು?